ನಾಯಿ ಪಟ್ಟಿಯ ಹುಸೇನ್

ಚಾಮರಾಜನಗರದ ಹುಸೇನನ ಅಪ್ಪ ನಲವತ್ತು ವರ್ಷ ಎತ್ತುಗಳನ್ನು ನೆಲಕ್ಕೆ ಕೆಡವಿ ಹೊಟ್ಟೆ ಹೊರೆದವನು. ಲಾಳ ಕಟ್ಟುವ ಕಸುಬು. ನಾಲ್ಕೈದು ಕ್ವಿಂಟಾಲಿನ ಎತ್ತು ಕೊಂಬು ಝಳಪಿಸುತ್ತ ನಿಂತಿರುತ್ತಿತ್ತು. ಐವತ್ತು ಕೆಜಿಯ ಮುದುಕ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಅದರ ಸುತ್ತ ಒಂದು ಹಗ್ಗ ಸುತ್ತುತ್ತಿದ್ದ, ಮುಂಗಾಲಿಗೊಂದು ಕುಣಿಕೆ, ಹಿಂಗಾಲಿಗೊಂದು ಕುಣಿಕೆ, ಆಮೇಲೆ ಒಂದೇ ಎಳೆತ. ಎತ್ತು ಧೂಳೆಬ್ಬಿಸಿ ಮಗ್ಗುಲಾಗಿ ಬೀಳುತ್ತಿತ್ತು. ನಾಲ್ಕು ಕಾಲು ಬಿಗಿದು ಗೊರಸಿಗೆ ಮೊಳೆ ಹೊಡೆಯುವಾಗ ಮುದುಕ ಮಗನಿಗೆ ಹೇಳಿಕೊಡುತ್ತಿದ್ದದ್ದು ಒಂದೇ: ಹೊಡೆಯಬೇಡ, ಹೊಡೆದರೆ ಅದು ನಿನ್ನನ್ನು ಹೊಡೆಯುತ್ತದೆ, ಅದರ ಭಾರವನ್ನೇ ಅದರ ಮೇಲೆ ಎಳೆ.

ಹುಸೇನ್ ವಿದ್ಯೆಯನ್ನೂ ಕಲಿತ, ಐವತ್ತು ಕೆಜಿ ಮೈಯನ್ನೂ ಅಪ್ಪನಿಂದ ಪಡೆದ. ಅಷ್ಟರಲ್ಲಿ ಊರೂರಿಗೆ ಟ್ರ್ಯಾಕ್ಟರ್ ಬಂದು, ಕೆಡವಲು ಎತ್ತುಗಳೇ ಇಲ್ಲವಾದವು. ಅವನು ಆರು ತಿಂಗಳು ಕಂಪ್ಯೂಟರ್ ಕಲಿತು, ಟಿವಿಎಸ್ ಮೊಪೆಡ್ಡಿನ ಮುಂದೆ ಸ್ಕ್ರೂಡ್ರೈವರ್ ಚೀಲ ನೇತುಹಾಕಿ ದಿಗ್ವಿಜಯಕ್ಕೆ ಹೊರಟ. ಚಂದಕವಾಡಿಯ ಅಕ್ಕಿ ಗಿರಣಿಯಿಂದ ಗುಂಡ್ಲುಪೇಟೆಯ ಟೈರ್ ಅಂಗಡಿಯವರೆಗೆ ಅವನ ಸಾಮ್ರಾಜ್ಯ. ಅವನ ಕೈಯಲ್ಲಿ ಮಡಿದ ವೈರಸ್ಸುಗಳು ಎಷ್ಟೋ. ಆದರೆ ಅವನ ನಿಜವಾದ ಯುದ್ಧಗಳೆಲ್ಲ ನಡೆದದ್ದು ಒಂದೇ ರಣರಂಗದಲ್ಲಿ: ಬೇಗೂರಿನ ಹೆದ್ದಾರಿ ಬದಿಯ ವೇಬ್ರಿಜ್ಜಿನಲ್ಲಿ.

ವೇಬ್ರಿಜ್ಜೆಂದರೆ ಲಾರಿಗಳನ್ನು ಇಡಿಯಾಗಿ ತೂಗುವ ಕಬ್ಬಿಣದ ಹಾಸು. ಇದರ ಒಡೆಯ ಶಿವರುದ್ರಸ್ವಾಮಿ. ಸ್ವತಃ ನೂರಹತ್ತು ಕೆಜಿ. ಪಕ್ಕದ ಕ್ಯಾಬಿನ್ನಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಚೀಟಿ ಕೊಡುವವನು ಉಮ್ಮತ್ತೂರಿನ ಮಾದಪ್ಪ. ಊಟವಾದ ಮೇಲೂ ನಲವತ್ತೈದು ಕೆಜಿ. ತೂಗುವ ಪ್ರೋಗ್ರಾಂ ಬರೆದವನು ಹುಸೇನ್. ಸ್ವಾಮಿಗೆ ಲೋಕದ ಮೇಲೆಲ್ಲ ಅನುಮಾನ. ಖಾಲಿ ಲಾರಿ ತೂಗುವಾಗ ಕ್ಲೀನರ್ ಹಾಸಿನ ಮೇಲೆ ಒಂದು ಕಾಲಿಟ್ಟು ನಿಂತರೆ? ಆದ್ದರಿಂದ ಹಾಸಿನ ಮೇಲೆ ಏನೇ ಬಂದರೂ ಸೆಕೆಂಡಿಗೆ ಹತ್ತು ಸಲ ಅದರ ತೂಕ ದಾಖಲಾಗಬೇಕೆಂದು ಅಪ್ಪಣೆ ಮಾಡಿದ. ಹುಸೇನ್ ಅದಕ್ಕೊಂದು ಪಟ್ಟಿ ಮಾಡಿಕೊಟ್ಟ. ಲಾರಿಗಳ ಚೀಟಿಗಳೆಲ್ಲ ಒಂದು ಸಣ್ಣ ಪಟ್ಟಿಯಲ್ಲಿ ಅಡಗಿ ಕೂತಿದ್ದರೆ ಇದು ಮಾತ್ರ ಹಗಲೂ ಇರುಳೂ ಊದಿತು. ದಾಟಿ ಹೋದ ಆಡು, ಮಲಗಿ ಎದ್ದ ನಾಯಿ, ತೂರಾಡುತ್ತ ಬಂದ ಕಾವಲುಗಾರ, ಎಲ್ಲರೂ ಐದೈದು ಕೆಜಿಯ ಲೆಕ್ಕದಲ್ಲಿ ಅದರೊಳಗೆ ಅಮರರಾದರು. ತಿಂಗಳಿಗೆ ಎರಡೂವರೆ ಕೋಟಿ ಸಾಲು! ಮಾದಪ್ಪ ಅದನ್ನು ನಾಯಿ ಪಟ್ಟಿ ಎಂದು ಕರೆದ; ಹೆಸರು ನಿಂತಿತು.

ದಿನಾ ಮಧ್ಯಾಹ್ನ ಒಂದಕ್ಕೆ ಕಂಪ್ಯೂಟರ್ ತನ್ನಲ್ಲಿರುವುದನ್ನೆಲ್ಲ ಒಂದು ಸಿ.ಡಿ.ಗೆ ನಕಲು ಮಾಡಬೇಕು, ನಾಳೆ ಯಂತ್ರ ಸತ್ತರೆ ವ್ಯವಹಾರ ಸಾಯಬಾರದೆಂದು. ಈ ಬ್ಯಾಕಪ್ಪಿನ ದಾರಿಗೆ ನಾಯಿ ಪಟ್ಟಿ ಅಡ್ಡ ಮಲಗಿತು. ಎರಡು ಸಾವಿರದ ನಾಲ್ಕರ ಒಂದು ಮಧ್ಯಾಹ್ನ ನಕಲು ಮೂರು ಗಂಟೆ ಹೊತ್ತಾದರೂ ಮುಗಿಯದೆ, ಸಿ.ಡಿ. ತುಂಬಿ, ಕಂಪ್ಯೂಟರ್ ಕಣ್ಣು ತೇಲಿಸಿತು. ಹೊರಗೆ ಹನ್ನೊಂದು ಲಾರಿ. ಮೊದಲು ಹಾರ್ನು, ಆಮೇಲೆ ಮೂರು ಭಾಷೆಯಲ್ಲಿ ಪರಸ್ಪರರ ಅಕ್ಕತಂಗಿಯರ ಸ್ಮರಣೆ, ಆಮೇಲೆ ವ್ಹೀಲ್ ಸ್ಪ್ಯಾನರ್. ಬಾಳೆಗೊನೆ ತುಂಬಿದ್ದ ಕೇರಳದ ಲಾರಿಯವನು ಕೊಯಮತ್ತೂರಿನವನ ಕನ್ನಡಿ ಒಡೆದ. ಕೊಯಮತ್ತೂರಿನವನು ಎರಡು ಬಾಳೆಗೊನೆಗಳನ್ನು ಗದೆಯಂತೆ ತಿರುಗಿಸುತ್ತ ಆರು ಜನರನ್ನು ಮಲಗಿಸಿದ. ಬೇಗೂರಿನ ಕಾಂಪೌಂಡರ್ ಅವತ್ತು ಹತ್ತಿ ಸಾಲದೆ ಹಳೆ ಪಂಚೆ ಹರಿದ.

ಕ್ಯಾಬಿನ್ನಿನಲ್ಲಿ ಸ್ವಾಮಿ ಹುಸೇನನ ಕುತ್ತಿಗೆ ಹಿಡಿದು ಗೋಡೆಗೊತ್ತಿದ್ದ.

"ಏನ್ಲಾ ಹುಸೇನಾ, ನನ್ ಮಿಷನ್ಗೆ ಏನ್ ತಿನ್ಸಿದ್ದೀಯಾ?"

"ನಾಯಿ ಪಟ್ಟಿ ಸ್ವಾಮಣ್ಣ. ನೂರಕ್ಕೆ ತೊಂಬತ್ತೊಂಬತ್ತು ಪಾಲು ಅದೇಯಾ. ಅದೊಂದ್ನ ಬ್ಯಾಕಪ್ಪಿಂದ ಆಚೆ ಬುಟ್ರೆ ಒಂದೇ ನಿಮ್ಷ."

"ಮತ್ತೆ ಬುಡ್ಲಾ! ನಾಯಿ ತೂಕ ಕಟ್ಕಂಡು ನಾನೇನ್ ಸ್ವರ್ಗಕ್ಕೋಗನಾ? ಕಿತ್ತಾಕು. ಆದ್ರೆ ನೋಡು, ಚೀಟಿ ಒಂದು ಕಳ್ದೋದ್ರೂ ನಿನ್ ಬಲಗೈ ಮುರ್ದು ನಿನ್ ಎಡಗೈಗೆ ಕೊಡ್ತೀನಿ."

ಅಪ್ಪ ಎತ್ತು ಕೆಡವಿದಂತೆ ಹುಸೇನ್ ಅವತ್ತು ನಾಯಿ ಪಟ್ಟಿಯನ್ನು ಕೆಡವಿದ. ಪಟ್ಟಿ ಯಂತ್ರದಲ್ಲೇ ಬಿದ್ದಿರುತ್ತದೆ. ನಕಲಿಗೆ ಮಾತ್ರ ಹೋಗದು. ಬಿಟ್ಟುಬಿಡಬೇಕಾದ ಪಟ್ಟಿಗಳ ಹೆಸರನ್ನು ಒಂದು ಕಡೆ ಬರೆದಿಟ್ಟರೆ ಬ್ಯಾಕಪ್ಪು ಅವನ್ನು ಮುಟ್ಟದೆ ದಾಟುತ್ತದೆ. ಮೂರು ಗಂಟೆಯ ಕೆಲಸ ಒಂದು ನಿಮಿಷಕ್ಕಿಳಿಯಿತು. ಸೋಮವಾರದಿಂದ ಭಾನುವಾರದವರೆಗೆ ಏಳು ಸಿ.ಡಿ., ವಾರ ವಾರ ಅವೇ ಮತ್ತೆ. ಮಾದಪ್ಪ ಅವನ್ನು ಬಿಸ್ಕತ್ ಡಬ್ಬಿಯಲ್ಲಿ ದೇವರ ಸಾಲಿಗ್ರಾಮದಂತೆ ಕಾಯ್ದ.

ಒಂದೇ ಒಂದು ತೊಡಕಿತ್ತು. ಸ್ವಾಮಿಯ ತಿಂಗಳು ಮುಗಿಯುವುದು ಅಮಾವಾಸ್ಯೆಗೆ. ಅವತ್ತು ವೇಬ್ರಿಜ್ ಮುಚ್ಚಿ, ಹಾಸು ತೊಳೆದು, ಅವನು ಮಾದೇಶ್ವರನ ಬೆಟ್ಟಕ್ಕೆ ಹೋಗುವನು. ಹಾಗಾಗಿ ಮಾರನೆಯ ದಿನ ಪಾಡ್ಯಕ್ಕೆ ಪ್ರೋಗ್ರಾಂ ತಾನಾಗಿ ಹೊಸ ತಿಂಗಳ ಹೆಸರಿನಲ್ಲಿ ಹೊಸ ನಾಯಿ ಪಟ್ಟಿ ತೆರೆಯುತ್ತಿತ್ತು, ಮತ್ತು ಹುಸೇನ್ ಪ್ರತಿ ತಿಂಗಳೂ ಬಂದು ಆ ಹೊಸ ಹೆಸರನ್ನು ಬಿಡುವ ಹೆಸರುಗಳ ಸಾಲಿಗೆ ಸೇರಿಸಬೇಕಿತ್ತು. ಬಂದೇ ಬರುತ್ತಿದ್ದ. ಆದರೆ ಹುಸೇನನ ಮನೆಯಲ್ಲಿ ತಿಂಗಳು ಹುಟ್ಟುವುದು ಪಾಡ್ಯಕ್ಕಲ್ಲ, ಆಕಾಶದಲ್ಲಿ ಚಂದ್ರನ ಗೆರೆ ಕಣ್ಣಿಗೆ ಬಿದ್ದಾಗ. ಅವನ ತಾಯಿ ಫಖ್ರುನ್ನೀಸಾ ತಾರಸಿಯಿಂದ ಚಾಂದ್ ನೋಡಿದ ಮರುದಿನ ಅವನ ಮೊಪೆಡ್ ಬೇಗೂರಿನ ಕಡೆ ಹೊರಡುತ್ತಿತ್ತು. ಮೋಡವಿದ್ದರೆ ಎರಡು ದಿನ ತಡ, ಇಲ್ಲದಿದ್ದರೂ ಒಂದು ದಿನ ತಡ. ಇದನ್ನು ಅವನೂ ಯೋಚಿಸಿರಲಿಲ್ಲ, ಇನ್ನಾರೂ ಕೇಳಿರಲಿಲ್ಲ.

ಎರಡು ಸಾವಿರದ ಆರರ ಆಷಾಢ ಪಾಡ್ಯ ಸೋಮವಾರ ಬಂತು. ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ ಜಲ್ಲಿ ಲಾರಿಗಳ ಒಡೆಯ ಮಲ್ಲಿಕಾರ್ಜುನಸ್ವಾಮಿ ತನ್ನ ಲಾರಿ ತೂಗಿಸಿದ. ಇವನು ಎಂಬತ್ತೈದು ಕೆಜಿಯ ಜಗಳಗಂಟ. ಲಾರಿ ಮುಂದೆ ಹೋಗಿ ನಿಂತ ಮೇಲೂ ಅವನು ಹಾಸಿನಿಂದ ಇಳಿಯಲಿಲ್ಲ, ಕಾಲಿನಿಂದ ಧಡಧಡ ಒದೆಯುತ್ತ, "ಯೋವ್ ಸ್ವಾಮಿ, ನಿನ್ ತಕ್ಕಡಿ ನಂದು ಒಂದು ಕ್ವಿಂಟಾಲ್ ಜಲ್ಲಿ ನುಂಗ್ಬುಟ್ಟದೆ, ಕಕ್ಸು!" ಎಂದು ಊರಿಗೆ ಕೇಳುವಂತೆ ಕೂಗಿದ. ಕೂಗಿ, ಅಂಚಿಗೆ ಹೋಗಿ, ಹಾಸಿನ ಅಡಿಯಲ್ಲಿ ಏನು ಮೋಸವಿದೆಯೋ ನೋಡಲು ಬಗ್ಗಿದ. ಆ ಭಂಗಿ ಶತ್ರುವನ್ನು ಆಹ್ವಾನಿಸುವಂಥದು. ಹಿಂದಿನಿಂದ ಯಾರೋ ನೂಕಿದರು. ಮಲ್ಲಿಕಾರ್ಜುನಸ್ವಾಮಿ ಪಕ್ಕದ ಕಾಂಕ್ರೀಟ್ ಹೊಂಡಕ್ಕೆ ತಲೆಕೆಳಗಾಗಿ ಬಿದ್ದ; ಎಡಗಾಲಿನ ಮೂಳೆ ಲಟಕ್ಕೆಂದು ಎರಡಾಯಿತು.

ಚೀರಾಟ ಕೇಳಿ ಕ್ಯಾಬಿನ್ನಿನಲ್ಲಿ ಚೀಟಿ ಮುದ್ರಿಸುತ್ತಿದ್ದ ಮಾದಪ್ಪ ಮೂಲೆಯ ಹಾರೆ ಹಿಡಿದು ಓಡಿಬಂದು ಹೊಂಡದ ದಂಡೆಯಲ್ಲಿ ನಿಂತ. ಬಿದ್ದವನು ತಲೆಯೆತ್ತಿ ನೋಡಿದಾಗ ಕಂಡದ್ದು ಅದೇ: ಮಾದಪ್ಪ, ಕೈಯಲ್ಲಿ ಹಾರೆ. "ಮಾದ ಕೊಂದ ಕಣ್ರಲಾ!" ಎಂದ.

ಅಷ್ಟು ಸಾಕಾಯಿತು. ಲಾರಿಯ ಆಚೆ ಬದಿಯಲ್ಲಿ ಟೀ ಕುಡಿಯುತ್ತಿದ್ದ ಜಲ್ಲಿಯ ಹಮಾಲರು ಲೋಟ ಎಸೆದು ಹಾಸಿನ ಮೇಲೆ ಹಾರಿದರು. ಸರದಿಯಲ್ಲಿದ್ದ ಲಾರಿಗಳ ಕ್ಲೀನರುಗಳು ಯಾರ ಪರವೆಂದು ಕೇಳದೆ ಎರಡೂ ಕಡೆ ಹಂಚಿಕೊಂಡರು. ಸಲಿಕೆಗೆ ಸಲಿಕೆ ತಾಗಿತು. ಒಬ್ಬ ಇನ್ನೊಬ್ಬನ ಕಿವಿ ಕಚ್ಚಿ, ಉಗುಳಿ, ಬೀಡಿ ರುಚಿ ಎಂದು ಬೈದ. ಹಲ್ಲುಗಳು ಜಲ್ಲಿಯೊಂದಿಗೆ ಬೆರೆತವು. ಅವನ್ನು ಆಮೇಲೆ ಹೆಕ್ಕಲು ಹೋದವರಿಗೆ ತಮ್ಮದು ಯಾವುದೆಂದು ತಿಳಿಯಲಿಲ್ಲ. ಮಾದಪ್ಪನ ಹಾರೆ ಯಾರೋ ಕಿತ್ತುಕೊಂಡರು, ಮಾದಪ್ಪನನ್ನು ಇನ್ಯಾರೋ ಎತ್ತಿಕೊಂಡರು, ಅವನು ಆ ಸೈನ್ಯದ ತಲೆಗಳ ಮೇಲೆ ಒಂದು ಸುತ್ತು ಹೋಗಿ ಕ್ಯಾಬಿನ್ನಿನ ಬಾಗಿಲಲ್ಲೇ ಬಿದ್ದ. ಹನ್ನೆರಡಕ್ಕೆ ಎಲ್ಲರಿಗೂ ಹಸಿವಾಗಿ ಕದನ ನಿಂತಿತು.

ಒಂದು ಗಂಟೆಗೆ ಕಂಪ್ಯೂಟರ್ ಎಂದಿನಂತೆ ಬ್ಯಾಕಪ್ ಮಾಡಿ ಸಿ.ಡಿ. ಹೊರಚಾಚಿತು. ಒಂದು ಕಣ್ಣು ಮುಚ್ಚಿಹೋಗಿದ್ದ ಮಾದಪ್ಪ ಇನ್ನೊಂದು ಕಣ್ಣಿನಿಂದ ನೋಡಿ ಅದನ್ನು ತೆಗೆದು ಡಬ್ಬಿಗೆ ಹಾಕಿದ. ಎರಡಕ್ಕೆ, ಚಂದಕವಾಡಿಯ ಗಿರಣಿಯಲ್ಲಿ ಪ್ರಿಂಟರಿನ ಹೊಟ್ಟೆ ಸೀಳಿ ಕೂತಿದ್ದ ಹುಸೇನನಿಗೆ ಸ್ವಾಮಿಯ ಫೋನ್ ಬಂತು.

"ಹುಸೇನಾ, ಆ ನಾಯಿ ಪಟ್ಟಿ ಸಿ.ಡಿ.ಗೆ ಓಯ್ತದೇನ್ಲಾ?"

"ಇಲ್ಲ ಸ್ವಾಮಣ್ಣ. ನೀವೇ ಕಿತ್ತಾಕು ಅಂದಿದ್ರಲ್ಲ."

"ಗಟ್ಟಿಯಾಗಿ ಏಳು. ಮಿಷನ್ ಬುಟ್ಟು ಬ್ಯಾರೆಲ್ಲೂ ಇಲ್ವಾ?"

"ನಮ್ಮಮ್ಮನಾಣೆ ಇಲ್ಲ."

"ಒಳ್ಳೇದಾಯ್ತು," ಎಂದು ಫೋನ್ ಸತ್ತಿತು. ಹತ್ತೇ ನಿಮಿಷದಲ್ಲಿ ಕಂಪ್ಯೂಟರೂ ಸತ್ತಿತು. ಸಾಧಾರಣ ಸಾವಲ್ಲ. ಮಾನಿಟರಿನ ಮುಖ ಒಳಕ್ಕೆ ಹೋಗಿತ್ತು. ಪೆಟ್ಟಿಗೆಯನ್ನು ಹಾರೆಯಿಂದ ಬಗೆದು, ಹಾರ್ಡ್ ಡಿಸ್ಕನ್ನು ಹೊರಗೆಳೆದು, ಜಲ್ಲಿ ಕಲ್ಲಿನ ಮೇಲಿಟ್ಟು ಚಿತ್ರಾನ್ನದ ಶುಂಠಿಯಂತೆ ಜಜ್ಜಲಾಗಿತ್ತು. ಹಮಾಲರು ಮತ್ತೆ ಬಂದು ಮಾಡಿದರೆಂದು ಸ್ವಾಮಿ ಹೇಳಿದ. ಅಂಗಿ ಬೆವರಲ್ಲಿ ತೊಯ್ದಿತ್ತು. ಮೂರಕ್ಕೆ ಪೊಲೀಸ್ ಜೀಪು ಬಂತು. ಸ್ವಾಮಿ ಮಾದಪ್ಪನ ಕಿವಿಯಲ್ಲಿ, "ನಾನೇ ನೂಕ್ದೆ ಅನ್ಬುಡು. ಎರಡೇ ದಿನ, ಬುಡುಸ್ಕಂಡು ಬತ್ತೀನಿ," ಎಂದ. ಮಾದಪ್ಪ ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ಅವನ ತುಟಿ ಊದಿತ್ತು. ಪೊಲೀಸರು ಅವನನ್ನು ಜೀಪಿಗೆ ಹತ್ತಿಸಿಕೊಂಡು ಹೋದರು.

ಅವತ್ತು ಸಂಜೆ ಚಾಮರಾಜನಗರದಲ್ಲಿ ತಾಯಿ ಮಗ ತಾರಸಿಯ ಮೇಲೆ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದರು. "ಚಾಂದ್ ದಿಖ್ಯಾ ಕ್ಯಾ ಬೇಟಾ?" ಎಂದಳು ಫಖ್ರುನ್ನೀಸಾ. ಬರೀ ಮೋಡ. ಕೆಳಗೆ ಬಾಗಿಲು ಬಡಿದ ಸದ್ದಾಯಿತು. ಬಂದವಳು ಮಾದಪ್ಪನ ಹೆಂಡತಿ ಸಣ್ಣತಾಯಮ್ಮ. ಬಸ್ಸಿಳಿದವಳು ನೇರ ಮೆಟ್ಟಿಲು ಹತ್ತಿ ಬಂದಿದ್ದಳು, ಸೊಂಟಕ್ಕೆ ಸೆರಗು ಬಿಗಿದು.

"ಹುಸೇನಣ್ಣ, ನಾಳೆ ಮೂರು ಗಂಟೆಗೆ ಅವ್ನ್ನ ಕೋರ್ಟ್ಗೆ ಕರ್ಕೋಯ್ತಾರಂತೆ. ಕೊಲ್ಲಕ್ಕೆ ಓಗಿದ್ದ ಅಂತ ಬರ್ದವ್ರೆ. ಕೋಳಿ ಕುಯ್ಯಕ್ಕೂ ನನ್ನೇ ಕರೆಯೋ ಗಂಡ್ಸು ಕಣಣ್ಣ ಅದು!"

"ಗೊತ್ತು ಕಣವ್ವ..."

"ಗೊತ್ತು ಅನ್ನಕ್ಕೆ ನಾನು ನಿನ್ನತ್ರ ಬರ್ಬೇಕಿತ್ತಾ? ನಿನ್ ಮಿಷನ್ನು ನಾಯಿ ಒಡ್ಡಾಡ್ದ್ರೂ ಬರ್ಕತದೆ ಅಂತ ಅವ್ನು ದಿನಾ ಏಳನು. ಮನುಷ್ಯರ್ನ ಬರ್ಕಳದಿಲ್ವಾ? ಯಾರ್ ಅತ್ತಿದ್ರು, ಎಷ್ಟ್ ತೂಕ, ಅದ್ರಾಗೆ ಇರಲ್ವಾ?"

ಹುಸೇನನಿಗೆ ಎದೆಯ ಮೇಲೆ ಎತ್ತು ಕಾಲಿಟ್ಟಂತಾಯಿತು. ಸ್ವಾಮಿ ಎರಡು ಗಂಟೆಗೆ ಏಕೆ ಫೋನ್ ಮಾಡಿದ್ದನೆಂದು ಆಗ ಹೊಳೆಯಿತು. ಇತ್ತು, ಎಲ್ಲ ಇತ್ತು, ಯಂತ್ರದಲ್ಲಿ ಮಾತ್ರ. ಬ್ಯಾಕಪ್ಪಿನಿಂದ ಅದನ್ನು ಆಚೆ ಹಾಕಿದವನು ತಾನು, ಇಲ್ಲವೆಂದು ತಾಯಿಯ ಆಣೆ ಹಾಕಿ ಹೇಳಿದವನೂ ತಾನು. "ಅದ್ನ ನಾನೇ ಸಾಯ್ಸ್ಬುಟ್ಟೆ ಸಣ್ಣತಾಯವ್ವ," ಎಂದ. ಅವಳು "ಹಂಗಾರೆ ಬದುಕ್ಸು," ಎಂದು ಮೆಟ್ಟಿಲಿಳಿದಳು.

ಮಂಗಳವಾರ ಬೆಳಿಗ್ಗೆ ಹುಸೇನ್ ಬೇಗೂರು ತಲುಪಿದಾಗ ಸ್ವಾಮಿ ತನ್ನ ಮನೆಯ ಕಂಪ್ಯೂಟರನ್ನು ಕ್ಯಾಬಿನ್ನಿಗೆ ತಂದು ಇಟ್ಟಿದ್ದ. ಜಖಂ ಆಗದೆ ಉಳಿದದ್ದು ತೂಕದ ಕೆಂಪು ಅಂಕಿ ತೋರಿಸುವ ಪೆಟ್ಟಿಗೆ, ಪ್ರಿಂಟರು ಮತ್ತು ಬಿಸ್ಕತ್ ಡಬ್ಬಿ. ಡಬ್ಬಿಯನ್ನು ಸ್ವಾಮಿಯೇ ಎದೆಗವಚಿ ಹಿಡಿದಿದ್ದ. ನಾಲ್ಕು ವರ್ಷದ ಚೀಟಿಗಳೆಲ್ಲ ಅದರಲ್ಲೇ.

"ತಗಾ, ನಿನ್ನೆದು. ಬಿರ್ಬಿರ್ನೆ ತುಂಬು. ಚೀಟಿ ಒಂದು ಕಮ್ಮಿಯಾದ್ರೆ ಕೈ ಗ್ಯಾಪ್ಕ ಇರ್ಲಿ."

ಹುಸೇನ್ ಸೋಮವಾರದ ಸಿ.ಡಿ.ಯನ್ನು ಬೆಳಕಿಗೆ ಹಿಡಿದ. ಸಿ.ಡಿ.ಯಲ್ಲಿ ಬರೆದ ಜಾಗ ಸ್ವಲ್ಪ ಕಪ್ಪಾಗಿ, ನಡುವಿನ ತೂತಿನ ಸುತ್ತ ಬಳೆಯಂತೆ ಕಾಣುತ್ತದೆ. ಚೀಟಿಗಳಷ್ಟೇ ಇದ್ದರೆ ಅದು ದಾರದೆಳೆ. ಇದರಲ್ಲಿ ಬಳೆ ಬೆಂಕಿಕಡ್ಡಿಯಷ್ಟು ದಪ್ಪ ಇತ್ತು. ಅವನು ಕಣ್ಣುಜ್ಜಿಕೊಂಡ. ನಿನ್ನೆ ಪಾಡ್ಯ. ಹೊಸ ಪಟ್ಟಿಯ ಹೆಸರು ಆಷಾಢ. ಬಿಡುವ ಹೆಸರುಗಳ ಸಾಲಿನಲ್ಲಿ ಕೊನೆಯದು ಜ್ಯೇಷ್ಠ. ಆಷಾಢವನ್ನು ಬರೆಯಲು ಅವನು ಚಂದ್ರನನ್ನು ಕಾಯುತ್ತಿದ್ದ, ಚಂದ್ರ ಮೋಡದಲ್ಲಿದ್ದ. ಆಚೆ ಹಾಕೆಂದು ಯಾರೂ ಹೇಳದ ಪಟ್ಟಿಯನ್ನು ಬ್ಯಾಕಪ್ಪು ವಿಧೇಯವಾಗಿ ಹೊತ್ತು ತಂದಿತ್ತು, ನಿನ್ನೆ ಬೆಳಿಗ್ಗೆಯಿಂದ ಮಧ್ಯಾಹ್ನ ಒಂದರವರೆಗೆ.

ತುಂಬಿಸಿದ. ತೆರೆದ. ಹತ್ತೂ ಮುಕ್ಕಾಲಿಗೆ ಇಳಿದ. ಅಲ್ಲಿ ಬೇಗೂರಿನ ಮಹಾಯುದ್ಧ ಕಿಲೋಗ್ರಾಂಗಳಲ್ಲಿ ಮಲಗಿತ್ತು. ಸೊನ್ನೆ, ಅರವತ್ತು, ನೂರ ಮೂವತ್ತೈದು, ಮುನ್ನೂರ ಇಪ್ಪತ್ತು, ಎಂಟುನೂರ ಹತ್ತು: ಪಡೆಗಳು ಏರುತ್ತಿವೆ. ಎಂಟುನೂರ ಹತ್ತರಿಂದ ಏಳುನೂರ ನಲವತ್ತು: ಒಬ್ಬ ವೀರ ಆಚೆ ಹಾರಿಹೋದ. ಆದರೆ ಹುಸೇನ್ ನೋಡುತ್ತಿದ್ದದ್ದು ಅದಕ್ಕೂ ಮೊದಲಿನ ಕೆಲವೇ ಸೆಕೆಂಡು.

"ಬಂತೇನ್ಲಾ ಎಲ್ಲಾ?" ಎಂದ ಸ್ವಾಮಿ ಬಾಗಿಲಿನಿಂದ.

"ಬಂತು ಸ್ವಾಮಣ್ಣ. ಎಲ್ಲಾನೂ ಬಂತು."

ಅವನ ದನಿ ಸ್ವಾಮಿಗೆ ಹಿಡಿಸಲಿಲ್ಲ. ಆದರೆ ಅಷ್ಟರಲ್ಲಿ ಜೀಪು ಬಂತು. ಸ್ಥಳ ನೋಡಿ ಮಹಜರು ಬರೆಯಲು ಸಬ್ ಇನ್ಸ್‌ಪೆಕ್ಟರ್ ಬಂದಿದ್ದರು, ಜೊತೆಗೆ ಮಾದಪ್ಪ. ಹಿಂದೆ ಓಡುತ್ತ ಸಣ್ಣತಾಯಮ್ಮ. ಕಟ್ಟುಪಟ್ಟಿ ಸುತ್ತಿಕೊಂಡ ಹಮಾಲರೂ ಕ್ಲೀನರುಗಳೂ ಮೊದಲೇ ನೆರೆದಿದ್ದರು. ಹುಸೇನ್ ತನ್ನ ಬಲಗೈಯನ್ನೊಮ್ಮೆ ನೋಡಿಕೊಂಡ. ಒಳ್ಳೆಯ ಕೈ, ಹೋದರೆ ಬೇಜಾರೇ. ಆಮೇಲೆ ಹಾಳೆಯೊಂದನ್ನು ಮುದ್ರಿಸಿ ಹೊರಬಂದ.

"ಸಾ, ನಿನ್ನೆ ಈ ಹಾಸಿನ ಮ್ಯಾಲೆ ನಿಂತೋರ್ದೆಲ್ಲ ತೂಕ ಇದ್ರಲ್ಲದೆ. ಮೊದ್ಲು ಎಂಬತ್ತೈದು: ಮಲ್ಲಿಕಾರ್ಜುನಣ್ಣ ಒಬ್ರೇ. ಆಮೇಲೆ ನೂರ ತೊಂಬತ್ತೈದು. ಅಂದ್ರೆ ನೂರಹತ್ತು ಯಾರೋ ಅತ್ತುದ್ರು. ಆಮೇಲೆ ಎಂಬತ್ತೈದು ಇಳೀತು, ನೂರಹತ್ತು ಉಳೀತು. ಆಮೇಲೆ ಅದೂ ಇಳೀತು, ಸೊನ್ನೆ. ಆಮೇಲೇನೆ ಮಿಕ್ಕೋರು ಬಂದುದ್ದು."

ಸಬ್ ಇನ್ಸ್‌ಪೆಕ್ಟರ್ ಹಾಳೆ ನೋಡಿದರು, ಹಾಸು ನೋಡಿದರು, ಮಾದಪ್ಪನನ್ನು ನೋಡಿದರು. "ಹತ್ತಪ್ಪ ಮೇಲೆ."

ಮಾದಪ್ಪ ಹತ್ತಿದ. ಕ್ಯಾಬಿನ್ನಿನ ಕೆಂಪು ಅಂಕಿ ನಲವತ್ತೈದಕ್ಕೆ ನಿಂತಿತು. ಅವನ ಕೈಗೆ ಹಾರೆ ಕೊಟ್ಟು ಮತ್ತೆ ನೋಡಿದರು. "ಆಯುಧ ಸಮೇತ ಐವತ್ತೈದು. ಇನ್ನೂ ಅಷ್ಟೇ ಬೇಕಲ್ಲ. ಸ್ವಾಮಿಗಳೇ, ತಾವೊಂದು ಸಲ?"

ಸ್ವಾಮಿ ನಕ್ಕ. ನಗುತ್ತಲೇ ಚಪ್ಪಲಿ ಬಿಟ್ಟ. ಬೀಗದ ಗೊಂಚಲು ತೆಗೆದಿಟ್ಟ. ಮೊಬೈಲು, ವಾಚು, ಬೆಲ್ಟು, ಕೊನೆಗೆ ಬಾಯಿಯ ಎಲೆಯಡಿಕೆಯನ್ನೂ ಉಗುಳಿ ಹಗುರಾಗಿ ಹಾಸು ಏರಿದ.

"ನೂರಹತ್ತು!" ಎಂದು ಹಮಾಲರು ಹರಾಜು ಕೂಗಿದಂತೆ ಕೂಗಿದರು.

"ಇಬ್ರು ಸೇರ್ಕಂಡು ಅತ್ತಿರ್ಬೌದು!" ಎಂದ ಸ್ವಾಮಿ. "ಐವತ್ತೈದ್ರೋರು ಇಬ್ರು!"

"ಇಬ್ರಾದ್ರೆ ಎರಡು ಸಲ ಏರ್ಬೇಕಿತ್ತು ಸ್ವಾಮಣ್ಣ, ಮೆಟ್ಲಂಗೆ. ಇದು ಒಂದೇ ನೆಗ್ತ," ಎಂದ ಹುಸೇನ್.

"ಸಿ.ಡಿ.ಲಿಲ್ಲ ಅಂತ ಅವ್ವನಾಣೆ ಆಕಿದ್ಯಲ್ಲಾ, ಬೋಳಿಮಗನೇ!" ಎಂದು ಸ್ವಾಮಿ ಗರ್ಜಿಸಿದ. ಗರ್ಜಿಸಿದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೇ ಗೊತ್ತಾಯಿತು, ಸಬ್ ಇನ್ಸ್‌ಪೆಕ್ಟರಿಗೂ ಗೊತ್ತಾಯಿತು. ಇನ್ನು ಕಳೆದುಕೊಳ್ಳಲು ಏನೂ ಇರಲಿಲ್ಲ. ಹಾಸಿನ ಅಂಚಿನಲ್ಲಿದ್ದ ಹುಸೇನನ ಬಲಗೈಗೆ ಕೈ ಹಾಕಿ ಅವನನ್ನು ಮೇಲಕ್ಕೆಳೆದ. ಅಂಕಿ ನೂರ ಅರವತ್ತಕ್ಕೆ ಹಾರಿತು. ಮೊಣಕೈ ಹಿಂದಕ್ಕೆ ತಿರುಚಿತು, ಎಲುಬು ಕಿರುಗುಟ್ಟಿತು. ಪೊಲೀಸರು ಲಾಠಿ ಹುಡುಕುವಷ್ಟರಲ್ಲಿ ಸಣ್ಣತಾಯಮ್ಮ ಲಾರಿಯ ಪಕ್ಕದಲ್ಲಿ ಬಿದ್ದಿದ್ದ ಟಾರ್ಪಾಲಿನ ಹಗ್ಗವನ್ನು ಎತ್ತಿ ಎಸೆದಳು.

ಹುಸೇನ್ ಎಡಗೈಯಲ್ಲಿ ಹಿಡಿದ. ಅಪ್ಪ ಮೂವತ್ತು ವರ್ಷದ ಹಿಂದೆ ಕಲಿಸಿದ್ದು ಆ ಕೈಯಲ್ಲೇ ಇತ್ತು. ಹೊಡೆಯಲಿಲ್ಲ. ಸ್ವಾಮಿಯ ತೊಡೆಗಳ ಹಿಂದಿನಿಂದ ಒಂದು ಸುತ್ತು, ಕಾಲಿನ ಸಂದಿಯಿಂದ ಒಂದು ಕುಣಿಕೆ. ಆಮೇಲೆ ತಾನೇ ನೆಲಕ್ಕೆ ಕುಸಿದು, ಬರುತ್ತಿದ್ದ ಭಾರವನ್ನು ಬರುವ ಕಡೆಗೇ ಎಳೆದ. ಬೇಗೂರಿನ ಹೆದ್ದಾರಿ ನಡುಗಿತು. ಹಾಸು ಗಂಟೆಯಂತೆ ಮೊಳಗಿತು. ಅಂಕಿ ಒಂದು ಕ್ಷಣ ನಾನೂರಕ್ಕೆ ಏರಿ ಕುಣಿಯಿತು. ಹುಸೇನ್ ಮೊಣಕಾಲೂರಿ ನಾಲ್ಕೂ ಗೊರಸು ಸೇರಿಸಿ ಬಿಗಿದ, ಎದ್ದ, ಎಡಗೈಯಿಂದ ಧೂಳು ಕೊಡವಿಕೊಂಡು ಹಾಸಿನಿಂದ ಇಳಿದ.

"ಲಾಳ ಹೊಡೀಲಾ ಸಾ?" ಎಂದು ಸಬ್ ಇನ್ಸ್‌ಪೆಕ್ಟರನ್ನು ಕೇಳಿದ. ಅವರು ಬೇಡವೆಂದರು, ಸ್ವಲ್ಪ ಯೋಚಿಸಿ.

ಹಾಸಿನ ಮೇಲೆ ಸ್ವಾಮಿ ಒಬ್ಬನೇ ಉಳಿದು ಅಂಕಿ ನೂರಹತ್ತಕ್ಕೆ ಅಲುಗದೆ ನಿಂತಿತು. ಅಂಕಿ ನಿಂತ ಕೂಡಲೇ ಗುಂಡಿ ಒತ್ತುವುದು ಮಾದಪ್ಪನ ಕೈಗೆ ಅಂಟಿದ ಅಭ್ಯಾಸ. ಅವನು ಕ್ಯಾಬಿನ್ನಿಗೆ ನುಗ್ಗಿ ಒತ್ತಿಯೇಬಿಟ್ಟ. ಚೀಟಿ ಬಂತು. ವಾಹನ ಸಂಖ್ಯೆಯ ಜಾಗ ಖಾಲಿ, ತೂಕ ನೂರಹತ್ತು. ಮಹಜರಿನ ಜೊತೆ ಅದೂ ಹೋಯಿತು. ಮಾದಪ್ಪ ಮೂರು ಗಂಟೆಗೆ ಕೋರ್ಟಿಗೆ ಹೋಗಬೇಕಾಗಲಿಲ್ಲ. ಆ ಹೊತ್ತಿಗೆ ಉಮ್ಮತ್ತೂರಿನ ಬಸ್ಸಿನಲ್ಲಿ ಹೆಂಡತಿಯಿಂದ ಬೈಸಿಕೊಳ್ಳುತ್ತ ಕೂತಿದ್ದ. ಜೀಪಿನಲ್ಲಿ ಹೋದವನು ಸ್ವಾಮಿ.

ಹುಸೇನನ ಬಲಗೈ ಮುರಿಯಲಿಲ್ಲ, ಮೊಣಕೈಯಲ್ಲಿ ಮಾತ್ರ ಒಂದು ಸೊಟ್ಟ ಉಳಿಯಿತು. ವೇಬ್ರಿಜ್ಜನ್ನು ಸ್ವಾಮಿಯ ಹೆಂಡತಿ ನೋಡಿಕೊಳ್ಳತೊಡಗಿ, ಮಾದಪ್ಪನನ್ನೂ ಹುಸೇನನನ್ನೂ ಹಾಗೇ ಉಳಿಸಿಕೊಂಡಳು. ಯಾವ ತಿಂಗಳ ಹೆಸರಿನ ನಾಯಿ ಪಟ್ಟಿಯಾದರೂ ಸರಿ, ತಾನಾಗಿ ಬಿಡು ಎಂದು ಒಂದು ಸಾಲು ಬರೆದರೆ ಹುಸೇನ್ ತಿಂಗಳು ತಿಂಗಳೂ ಬೇಗೂರಿಗೆ ಬರಬೇಕಾಗಿಲ್ಲ. ಅದು ಅವನಿಗೆ ಗೊತ್ತು. ಬರೆಯಲಿಲ್ಲ. ಅಮಾವಾಸ್ಯೆ ಕಳೆದ ಸಂಜೆ ಈಗಲೂ ತಾರಸಿಯಿಂದ ತಾಯಿ ಕರೆಯುತ್ತಾಳೆ. ಗೆರೆ ಕಂಡರೆ ಮೊಪೆಡ್ಡಿಗೆ ಪೆಟ್ರೋಲು, ಕಾಣದಿದ್ದರೆ ಇನ್ನೊಂದು ದಿನ ಬೇಗೂರಿನ ನಾಯಿಗಳಿಗೆ ಸಿ.ಡಿ.ಯಲ್ಲಿ ಜಾಗ.